ವಿದ್ಯುತ್ ಉದ್ಯಮದ ಬಗ್ಗೆ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ನಾಲ್ಕು ವರ್ಷಗಳಿಂದ ಸಬ್‌ಸ್ಟೇಷನ್‌ಗಳಲ್ಲಿ ರಿಲೇ, ಅಂದರೆ ದೋಷ ಕಂಡಾಗ ಲೈನಿನ ಸಂಪರ್ಕ ಕಡಿಸುವ ರಕ್ಷಣಾ ಸಾಧನ, ಪರೀಕ್ಷಿಸುವ ಕೆಲಸ ಮಾಡುತ್ತಿದ್ದೇನೆ. ವಿದ್ಯುತ್ ಕ್ಷೇತ್ರದ ಸುದ್ದಿಗಳು ಎಷ್ಟೋ ಸಲ ತಪ್ಪಾಗಿ ಬರುವುದನ್ನು ನೋಡಿ, ನಾನೇ ಬರೆಯಬೇಕು ಎನ್ನಿಸಿದೆ. ಈ ಉದ್ಯಮದ ಬಗ್ಗೆ ಬರೆಯುವ, ಸಮ್ಮೇಳನಗಳಲ್ಲಿ ಮಾತನಾಡುವ ಪತ್ರಕರ್ತನಾಗಲು ಏನನ್ನು ಕಲಿಯಬೇಕು? ಉದ್ಯಮದವರ ವೇದಿಕೆಯನ್ನೇ ಹತ್ತುತ್ತಾ ಅವರ ಬಗ್ಗೆ ನಿಷ್ಠುರವಾಗಿ ಬರೆಯುವುದು ಸಾಧ್ಯವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಚುಟುಕಾಗಿ ಉತ್ತರಿಸುತ್ತೇನೆ. ಸಾಧ್ಯ, ಆದರೆ ಅದಕ್ಕೆ ಮುಂಚಿತವಾಗಿಯೇ ಹಾಕಿಕೊಂಡ ಕೆಲವು ಕಟ್ಟುಪಾಡುಗಳು ಬೇಕು. ಅವುಗಳ ವಿವರಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ವೇದಿಕೆಯ ಮೇಲಿನ ಪ್ರಾಮಾಣಿಕತೆ ಬರಹದ ಪ್ರಾಮಾಣಿಕತೆಯಿಂದಲೇ ಹುಟ್ಟುವಂಥದ್ದು. ಬರೆಯುವಾಗ ರೂಢಿಯಾಗದ ಗುಣ ಮೈಕಿನ ಮುಂದೆ ನಿಂತಾಗ ಬರುವುದಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಖಚಿತವಾಗಿರುವ ಒಂದು ವಿಷಯವಿದೆ. ಈ ಉದ್ಯಮದಲ್ಲಿ ಪತ್ರಕರ್ತರ ಕೈಗೆ ಬರುವ ಸಂಖ್ಯೆಗಳಲ್ಲಿ ಹೆಚ್ಚಿನವು ಅರ್ಧ ಸಂಖ್ಯೆಗಳು. ಅವು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಎಷ್ಟು ಮೆಗಾವ್ಯಾಟ್ ಎಂದು ಹೇಳುತ್ತಾರೆ, ಎಷ್ಟು ಗಂಟೆ ಎಂದು ಹೇಳುವುದಿಲ್ಲ. ಯೋಜನೆಯ ವೆಚ್ಚ ಹೇಳುತ್ತಾರೆ, ಅದು ಯಾರ ಬಿಲ್ಲಿಗೆ ಸೇರುತ್ತದೆ ಎಂದು ಹೇಳುವುದಿಲ್ಲ. ಗ್ರಿಡ್, ಅಂದರೆ ಸ್ಥಾವರಗಳನ್ನೂ ಬಳಕೆದಾರರನ್ನೂ ಬೆಸೆಯುವ ವಿದ್ಯುತ್ ಜಾಲ, ಕುಸಿದಾಗ ಒಂದು ಕಾರಣ ಕೊಡುತ್ತಾರೆ, ಅದರ ಹಿಂದೆ ಮುಂದೆ ಏನೇನು ನಡೆಯಿತು ಎಂಬುದನ್ನು ಕೊಡುವುದಿಲ್ಲ. ಉಳಿದರ್ಧವನ್ನು ಕೇಳಿ ಪಡೆಯುವುದೇ ನಮ್ಮ ಕಸುಬು. ತಾಂತ್ರಿಕ ಭಾಷೆಯನ್ನು ಸರಳಗೊಳಿಸುವುದು ಈ ಕಸುಬಿನ ತಿರುಳು ಎಂದು ಹಲವರು ತಿಳಿದಿದ್ದಾರೆ. ಸರಳತೆ ಬೇಕು, ನಿಜ. ಆದರೆ ಅರ್ಧ ಸಂಖ್ಯೆಯನ್ನು ಸರಳವಾಗಿ ಬರೆದರೆ ಓದುಗರು ಇನ್ನಷ್ಟು ಸುಲಭವಾಗಿ ದಾರಿ ತಪ್ಪುತ್ತಾರೆ.

ಇದು ನನಗೆ ತಿಳಿದದ್ದು ನನ್ನ ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಹೊಸದೊಂದು ಬ್ಯಾಟರಿ ಕೇಂದ್ರ "100 ಮೆಗಾವ್ಯಾಟ್ ವಿದ್ಯುತ್ ಸಂಗ್ರಹಿಸುತ್ತದೆ" ಎಂದು ಪತ್ರಿಕಾ ಪ್ರಕಟಣೆಯಲ್ಲಿದ್ದಂತೆಯೇ ಬರೆದೆ. ಮಾರನೆಯ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಪಾಳಿಯ ಇಂಜಿನಿಯರ್ ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ, ಪಾಠ ಹೇಳಲಿಲ್ಲ. "ಎಷ್ಟು ಹೊತ್ತು?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೆಗಾವ್ಯಾಟ್ ಎಂಬುದು ಆ ಕ್ಷಣದ ವೇಗ, ಮೆಗಾವ್ಯಾಟ್-ಗಂಟೆ ಎಂಬುದು ಒಟ್ಟು ಮೊತ್ತ. 100 ಮೆಗಾವ್ಯಾಟ್‌ನ ಬ್ಯಾಟರಿ ಒಂದು ಗಂಟೆ ನಡೆಯುವುದೋ ನಾಲ್ಕು ಗಂಟೆ ನಡೆಯುವುದೋ ಎಂಬುದರ ಮೇಲೆ ಸಂಜೆಯ ಗರಿಷ್ಠ ಬೇಡಿಕೆಗೆ ಅದು ಒದಗುವುದೇ ಇಲ್ಲವೇ ಎಂಬುದು ನಿರ್ಧಾರವಾಗುತ್ತದೆ. ಆ ದಿನದಿಂದ ನನ್ನ ಪ್ರತಿ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ "ಎಷ್ಟು ಹೊತ್ತು?" ಎಂಬ ಆ ಎರಡು ಪದಗಳನ್ನು ಬರೆದುಕೊಳ್ಳುತ್ತೇನೆ.

"ಈ ಸೌರ ಸ್ಥಾವರ ಒಂದು ಲಕ್ಷ ಮನೆಗಳಿಗೆ ಬೆಳಕು ನೀಡಲಿದೆ" ಎಂಬಂಥ ವಾಕ್ಯ ಕಂಡಾಗಲೂ ಕಾಗದ, ಪೆನ್ನು ಹಿಡಿಯಬೇಕು. ಸ್ಥಾವರ 100 ಮೆಗಾವ್ಯಾಟ್‌ನದು ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ಗಂಟೆ. ರಾತ್ರಿ, ಮೋಡ, ಬೆಳಗು-ಸಂಜೆಯ ಮಂದ ಬಿಸಿಲು ಎಲ್ಲ ಕಳೆದು, ಪೂರ್ಣ ಸಾಮರ್ಥ್ಯದ 20% ಮಾತ್ರ ಸಿಗುತ್ತದೆ ಎಂದುಕೊಂಡರೆ ವರ್ಷದ ಉತ್ಪಾದನೆ 1,75,200 ಮೆಗಾವ್ಯಾಟ್-ಗಂಟೆ, ಅಂದರೆ ಸುಮಾರು 17.5 ಕೋಟಿ ಯೂನಿಟ್ (ಒಂದು ಮೆಗಾವ್ಯಾಟ್-ಗಂಟೆಗೆ 1,000 ಯೂನಿಟ್). ಮನೆಯೊಂದು ವರ್ಷಕ್ಕೆ 3,000 ಯೂನಿಟ್ ಬಳಸಿದರೆ ಇದು 58,400 ಮನೆಗಳಿಗೆ ಸಾಕು. 10,000 ಯೂನಿಟ್ ಬಳಸುವ ಮನೆಗಳಾದರೆ 17,520ಕ್ಕೆ ಮಾತ್ರ. ಇಷ್ಟಾದರೂ ಇದು ವರ್ಷದ ಸರಾಸರಿಯ ಲೆಕ್ಕ. ರಾತ್ರಿ ಎಂಟು ಗಂಟೆಗೆ ಆ ಸ್ಥಾವರದಿಂದ ಒಂದು ಮನೆಗೂ ಬೆಳಕಿಲ್ಲ. ಇದನ್ನು ಬರೆದರೆ ಸೌರವಿದ್ಯುತ್ತಿನ ವಿರೋಧಿ ಎಂದು ಕೆಲವರು ಹೇಳಬಹುದು, ಕಲ್ಲಿದ್ದಲು ಸ್ಥಾವರದ ಬಗ್ಗೆ ಇಂಥದ್ದೇ ಲೆಕ್ಕ ಹಾಕಿದಾಗ ಇನ್ನು ಕೆಲವರು ಬೇರೆ ಹಣೆಪಟ್ಟಿ ಹಚ್ಚಬಹುದು. ಲೆಕ್ಕ ಎರಡೂ ಕಡೆ ಒಂದೇ ಆಗಿದ್ದರೆ ಅದಕ್ಕೆ ಅಂಜಬೇಕಾಗಿಲ್ಲ.

ನಿಮ್ಮ ನಾಲ್ಕು ವರ್ಷದ ರಿಲೇ ಕೆಲಸ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ಗ್ರಿಡ್ ಕುಸಿತದ ವರದಿಗಾರಿಕೆಯಲ್ಲಿ. ಅಲ್ಲಿಯೇ ಪತ್ರಿಕೋದ್ಯಮ ಅತಿ ಹೆಚ್ಚು ಎಡವಿರುವುದೂ ಹೌದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೋದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದಾಗ, ಮೊದಲ ಕೆಲವು ಗಂಟೆಗಳಲ್ಲಿ ಕೆನಡಾದ ಕಡೆಯಿಂದ ಬಂದ ಹೇಳಿಕೆ ನ್ಯೂಯಾರ್ಕ್ ಸೀಮೆಯ ಸ್ಥಾವರವೊಂದಕ್ಕೆ ಸಿಡಿಲು ಬಡಿದಿದೆ ಎಂದಾಗಿತ್ತು. ಬಳಿಕ ಪೆನ್ಸಿಲ್ವೇನಿಯಾದ ಪರಮಾಣು ಸ್ಥಾವರದಲ್ಲಿ ಬೆಂಕಿ ಎಂಬ ಮಾತು ಬಂತು. ಎರಡೂ ನಿಜವಲ್ಲ. ಎರಡೂ ದೇಶಗಳ ಜಂಟಿ ಕಾರ್ಯಪಡೆ 2004ರ ಏಪ್ರಿಲ್‌ನಲ್ಲಿ ನೀಡಿದ ಅಂತಿಮ ವರದಿಯನ್ನು ನಾನು ಹೊಸದಾಗಿ ಈ ಕೆಲಸಕ್ಕೆ ಬರುವ ಎಲ್ಲರಿಗೂ ಓದಲು ಹೇಳುತ್ತೇನೆ, ಅದರಲ್ಲೂ ಸಮಯದ ಪಟ್ಟಿಯನ್ನು.

ಆ ಪಟ್ಟಿಯನ್ನು ಹತ್ತಿರದಿಂದ ನೋಡಿ. ಮಧ್ಯಾಹ್ನ 1:31ಕ್ಕೆ ಅಮೆರಿಕದ ಒಹಾಯೋದಲ್ಲಿ ಒಂದು ಉತ್ಪಾದನಾ ಘಟಕ ಟ್ರಿಪ್ ಆಯಿತು, ಅಂದರೆ ತಾನಾಗಿ ಸಂಪರ್ಕ ಕಡಿದುಕೊಂಡು ನಿಂತಿತು. 2:14ರ ನಂತರ ಅಲ್ಲಿನ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡುವ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಯಿತು. ಪರದೆಗಳು ಎಂದಿನಂತೆ ಇದ್ದವು, ಎಚ್ಚರಿಕೆ ಮಾತ್ರ ಬರುತ್ತಿರಲಿಲ್ಲ. 3:05ಕ್ಕೆ 345 ಕಿಲೋವೋಲ್ಟ್‌ನ ಮೊದಲ ಲೈನು ಮರಕ್ಕೆ ತಾಗಿ ಟ್ರಿಪ್ ಆಯಿತು. ಆ ಲೈನಿನ ಮೇಲೆ ಆಗ ಇದ್ದ ಹೊರೆ ಅದರ ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ. 3:32ಕ್ಕೆ ಎರಡನೆಯದು, 3:41ಕ್ಕೆ ಮೂರನೆಯದು, ಅವೂ ಮರಗಳಿಗೆ ತಾಗಿಯೇ. ಒಂದು ಲೈನು ಹೋದಂತೆ ಉಳಿದವುಗಳ ಮೇಲೆ ಹೊರೆ ಹೆಚ್ಚಿ, ತಂತಿ ಕಾದು ಜೋತುಬೀಳುತ್ತಿತ್ತು. ನಿಯಂತ್ರಣ ಕೊಠಡಿಯವರಿಗೆ ಸಂಶಯ ಹುಟ್ಟಿದ್ದು ಅಕ್ಕಪಕ್ಕದ ಕಂಪನಿಗಳಿಂದ ಬರುತ್ತಿದ್ದ ಫೋನ್ ಕರೆಗಳಿಂದ. 4:05:57ಕ್ಕೆ ಮತ್ತೊಂದು ದೊಡ್ಡ ಲೈನು ಹೋಯಿತು. ಅಲ್ಲಿಂದ 4:13ರ ಹೊತ್ತಿಗೆ ಎಲ್ಲ ಮುಗಿದಿತ್ತು. ಎರಡೂವರೆ ಗಂಟೆಗೂ ಮೀರಿ ನಿಧಾನವಾಗಿ ಕೊಳೆತದ್ದು ಏಳೆಂಟು ನಿಮಿಷಗಳಲ್ಲಿ ಬಿದ್ದುಹೋಯಿತು.

ಇದರಲ್ಲಿ "ಕಾರಣ" ಯಾವುದು? ಮರ ಕಡಿಯದಿದ್ದದ್ದೇ, ಸಾಫ್ಟ್‌ವೇರೇ, ತರಬೇತಿಯೇ, ನೆರೆಯವರೊಂದಿಗೆ ಸಂಪರ್ಕ ಇಲ್ಲದಿದ್ದದ್ದೇ? ಎಲ್ಲವೂ ಹೌದು. ಆದರೆ ಆ ರಾತ್ರಿ ಸಂಪಾದಕರಿಗೆ ಬೇಕಾಗಿದ್ದದ್ದು ಒಂದೇ ಶೀರ್ಷಿಕೆ. ಅಂಥ ರಾತ್ರಿ ನೀವು ಏನು ಬರೆಯಬಹುದು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡಿರಬೇಕು. ಎಲ್ಲಿ ಹೋಗಿದೆ, ಎಷ್ಟು ಲೋಡ್ ಹೋಗಿದೆ, ಮರಳಿ ತರುವ ಕ್ರಮವೇನು, ಆಸ್ಪತ್ರೆ ಮತ್ತು ನೀರು ಪೂರೈಕೆಗೆ ಯಾವಾಗ ಸಿಗಬಹುದು, ಇಷ್ಟು ಬರೆದರೆ ಅಂದಿನ ಓದುಗರಿಗೆ ಬೇಕಾದದ್ದು ಸಿಗುತ್ತದೆ. ಕಾರಣವನ್ನು ಕುರಿತು "ತನಿಖೆಯಾಗಬೇಕು" ಎಂಬ ಒಂದು ಸಾಲು ಸಾಕು. ಆ ಸಾಲು ಸಪ್ಪೆಯಾಗಿ ಕಾಣುತ್ತದೆ ಎಂದು ಸಂಪಾದಕರು ದೂರಬಹುದು, ದೂರಲಿ.

ಇಂಥ ಆತುರಕ್ಕೆ ಈಗ ರಾಜಕೀಯದ ಬಣ್ಣವೂ ಸೇರಿರುವುದು ನನ್ನನ್ನು ನಿಜಕ್ಕೂ ಕಾಡುತ್ತದೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾದಾಗ, ಒಂದು ಬಣ ಪವನ ವಿದ್ಯುತ್ತೇ ಕಾರಣ ಎಂದಿತು, ಇನ್ನೊಂದು ಬಣ ಬಿರುಗಾಳಿಗೆ ಗೋಪುರಗಳು ಉರುಳಿದ್ದೊಂದೇ ಕಾರಣ ಎಂದಿತು. ತನಿಖೆಯಲ್ಲಿ ಕಂಡುಬಂದದ್ದು ಇವೆರಡರ ನಡುವಿನ ಸೂಕ್ಷ್ಮ ಸಂಗತಿ. ಗೋಪುರಗಳು ಬಿದ್ದು ವೋಲ್ಟೇಜ್ ಪದೇ ಪದೇ ಕುಸಿಯಿತು. ಇಷ್ಟು ಸಲಕ್ಕಿಂತ ಹೆಚ್ಚು ಕುಸಿದರೆ ಉತ್ಪಾದನೆ ತಗ್ಗಿಸಬೇಕು ಎಂಬ ರಕ್ಷಣಾ ಸೆಟ್ಟಿಂಗ್ ಹಲವು ಪವನ ಸ್ಥಾವರಗಳಲ್ಲಿತ್ತು. ಅದು ಕೆಲಸ ಮಾಡಿ ಒಂಬತ್ತು ಸ್ಥಾವರಗಳಿಂದ 456 ಮೆಗಾವ್ಯಾಟ್ ಹಠಾತ್ತನೆ ಕಡಿಮೆಯಾಯಿತು. ಆ ಕೊರತೆ ತುಂಬಲು ಹೋದ ನೆರೆರಾಜ್ಯದ ಸಂಪರ್ಕ ಮಾರ್ಗ ಹೊರೆ ತಾಳದೆ ಟ್ರಿಪ್ ಆಯಿತು. ಗ್ರಿಡ್ ನಿರ್ವಾಹಕರಿಗೆ ಆ ಸೆಟ್ಟಿಂಗ್ ಇದೆಯೆಂದೇ ತಿಳಿದಿರಲಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಟರ್ಬೈನ್‌ಗಳು ಅಂಥ ಕುಸಿತಗಳನ್ನು ತಾಳಿಕೊಳ್ಳಬಲ್ಲವಾದವು. ರಿಲೇ ಸೆಟ್ಟಿಂಗ್ ಎಂದರೇನೆಂದು ಕೈಯಾರೆ ತಿಳಿದಿರುವ ನಿಮ್ಮಂಥವರು ಸುದ್ದಿಮನೆಯಲ್ಲಿ ಇರಬೇಕಾದದ್ದು ಈ ಕಾರಣಕ್ಕೆ.

2021ರ ಫೆಬ್ರವರಿಯ ಕಡುಚಳಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿದ್ಯುತ್ ಹೋದಾಗಲೂ ಹೀಗೆಯೇ ಆಯಿತು. ಹಿಮಗಟ್ಟಿದ ಪವನ ಟರ್ಬೈನ್‌ಗಳ ಮಾತು ಎಲ್ಲೆಡೆ ಹರಡಿತು. ಆದರೆ ಅದೇ ವರ್ಷದ ನವೆಂಬರ್‌ನ ಅಧಿಕೃತ ವರದಿಯಂತೆ ಅನಿರೀಕ್ಷಿತವಾಗಿ ನಿಂತ ಅಥವಾ ಉತ್ಪಾದನೆ ತಗ್ಗಿಸಿದ ಘಟಕಗಳಲ್ಲಿ 58% ನೈಸರ್ಗಿಕ ಅನಿಲದವು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ ಮೊದಲ ದಿನ ಸೈಬರ್ ದಾಳಿಯ ಊಹೆ, ವಿಚಿತ್ರ ಹವಾಮಾನ ವಿದ್ಯಮಾನದ ಊಹೆ ಎರಡೂ ಸುದ್ದಿಯಾದವು. ಯುರೋಪಿನ ತಜ್ಞರ ಸಮಿತಿ ಕಂಡುಕೊಂಡದ್ದು ಒಂದರ ಹಿಂದೊಂದು ಏರಿದ ಅತಿ ವೋಲ್ಟೇಜ್‌ನ ಸರಪಳಿಯನ್ನು.

ಹಣದ ಭಾಗಕ್ಕೆ ಬರೋಣ. ಇಂಜಿನಿಯರ್‌ಗಳು ಇದನ್ನು ಸಾಮಾನ್ಯವಾಗಿ ನಿರ್ಲಕ್ಷಿಸುತ್ತಾರೆ, ನೀವು ಹಾಗೆ ಮಾಡಬಾರದು. ಸರ್ಕಾರ ಅಥವಾ ಆಯೋಗ ದರ ನಿಗದಿಪಡಿಸುವ ವ್ಯವಸ್ಥೆಯಲ್ಲಿ ಖಾಸಗಿ ವಿದ್ಯುತ್ ಕಂಪನಿಗೆ ಲಾಭ ಬರುವುದು ಹೆಚ್ಚಾಗಿ ತಾನು ಹೂಡಿದ ಬಂಡವಾಳದ ಮೇಲೆ ಅನುಮತಿಸಿದ ಪ್ರತಿಫಲದ ರೂಪದಲ್ಲಿ. ಹಾಗಾಗಿ ಹೊಸ ಸಬ್‌ಸ್ಟೇಷನ್ ಕಟ್ಟುವುದಕ್ಕೂ ಹಳೆಯದನ್ನೇ ಚೆನ್ನಾಗಿ ನಿರ್ವಹಿಸುವುದಕ್ಕೂ ಕಂಪನಿಯ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ಈ ವ್ಯವಸ್ಥೆಯ ಬೀಜ ಹಳೆಯದು. ಷಿಕಾಗೋದ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ 1898ರಲ್ಲಿಯೇ ತನ್ನ ಉದ್ಯಮದವರ ಸಂಘದ ಅಧ್ಯಕ್ಷನಾಗಿ ಸರ್ಕಾರಿ ನಿಯಂತ್ರಣ ಬೇಕೆಂದು ವಾದಿಸಿದ. ಅದೇ ಇನ್ಸಲ್ ಕಟ್ಟಿದ, ಕಂಪನಿಗಳ ಮೇಲೆ ಕಂಪನಿ ಪೇರಿಸಿದ ಸಾಮ್ರಾಜ್ಯ 1932ರಲ್ಲಿ ಕುಸಿದು, ಅಸಂಖ್ಯ ಸಣ್ಣ ಹೂಡಿಕೆದಾರರ ಉಳಿತಾಯ ಕರಗಿಹೋಯಿತು. 1935ರಲ್ಲಿ ಅಮೆರಿಕ ಅಂಥ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ತಂದಿತು. ದರ ಪರಿಷ್ಕರಣೆಯ ಅರ್ಜಿಗಳನ್ನು ಓದಲು ಕಲಿಯಿರಿ. ನೂರಾರು ಪುಟಗಳಿರುತ್ತವೆ, ಮೊದಲ ಹತ್ತು ಪುಟ ವಕೀಲರ ಭಾಷೆ. ಸುದ್ದಿ ಇರುವುದು ಅನುಬಂಧದ ಕೋಷ್ಟಕಗಳಲ್ಲಿ. ಕಳೆದ ಸಲದ ಅರ್ಜಿಯ ಅಂದಾಜನ್ನೂ ಈ ಸಲದ ವಾಸ್ತವವನ್ನೂ ಅಕ್ಕಪಕ್ಕ ಇಟ್ಟರೆ, ಯಾರನ್ನೂ ಸಂದರ್ಶಿಸದೆಯೇ ಮೂರು ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ.

2001ರ ಮಾರ್ಚ್‌ನಲ್ಲಿ ಫಾರ್ಚೂನ್ ಪತ್ರಿಕೆಯ ಬೆಥನಿ ಮೆಕ್ಲೀನ್ ಅಮೆರಿಕದ ಇಂಧನ ಕಂಪನಿ ಎನ್‌ರಾನ್ ಬಗ್ಗೆ ಬರೆದಾಗ ಅವರ ಬಳಿ ಯಾವ ಗುಪ್ತ ದಾಖಲೆಯೂ ಇರಲಿಲ್ಲ. ಈ ಕಂಪನಿ ಹಣ ಸಂಪಾದಿಸುವುದು ನಿಖರವಾಗಿ ಹೇಗೆ ಎಂಬ ಪ್ರಶ್ನೆಯನ್ನು, ಬಹಿರಂಗವಾಗಿದ್ದ ಲೆಕ್ಕಪತ್ರಗಳನ್ನು ಇಟ್ಟುಕೊಂಡೇ ಅವರು ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ, ಸಿಗಲಿಲ್ಲವೆಂದು ಬರೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಮೆಕ್ಲೀನ್ ಪತ್ರಿಕೋದ್ಯಮಕ್ಕೆ ಬರುವ ಮುನ್ನ ಹೂಡಿಕೆ ಬ್ಯಾಂಕಿನಲ್ಲಿ ವಿಶ್ಲೇಷಕಿಯಾಗಿದ್ದವರು. ಹಿಂದಿನ ಕೆಲಸದ ಜ್ಞಾನ ಪ್ರಶ್ನೆಯಾಗಿ ಮಾರ್ಪಡುವುದು ಹೀಗೆ.

ಈಗಿನ ಅರ್ಧ ಸಂಖ್ಯೆಗಳಲ್ಲಿ ಡೇಟಾ ಸೆಂಟರ್‌ಗಳದ್ದೇ ದೊಡ್ಡ ಪಾಲು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 415 ಟೆರಾವ್ಯಾಟ್-ಗಂಟೆ, ಅಂದರೆ ಜಗತ್ತಿನ ವಿದ್ಯುತ್ ಬಳಕೆಯ 1.5% ಬಳಸಿವೆ, 2030ಕ್ಕೆ ಇದು ಸುಮಾರು 945 ಆಗಬಹುದು. ಆದರೆ ವಿದ್ಯುತ್ ಕಂಪನಿಗಳು ಪ್ರಕಟಿಸುವ ಸಂಪರ್ಕದ ಅರ್ಜಿಗಳ ಮೊತ್ತ ಬೇರೆಯೇ ವಸ್ತು. ಒಬ್ಬನೇ ಹೂಡಿಕೆದಾರ ಮೂರು ಕಡೆ ಅರ್ಜಿ ಹಾಕಿ ಎಲ್ಲಿ ಬೇಗ ಸಂಪರ್ಕ ಸಿಗುತ್ತದೋ ಅಲ್ಲಿ ಕಟ್ಟುವುದುಂಟು. ಅರ್ಜಿ ಎಷ್ಟು, ಠೇವಣಿ ಕಟ್ಟಿದವರು ಎಷ್ಟು, ನೆಲ ಅಗೆದವರು ಎಷ್ಟು ಎಂದು ಬೇರ್ಪಡಿಸಿ ಕೇಳಿ.

ಇನ್ನು ಮಾತಿನ ವಿಷಯ. ಸಮ್ಮೇಳನದ ವೇದಿಕೆಯಲ್ಲಿ ಆಡಿದ ಒಂದು ವಾಕ್ಯ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ 1954ರ ಸೆಪ್ಟೆಂಬರ್ 16ರ ಸಂಜೆ ಸಾಕ್ಷಿ. ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ನ್ಯೂಯಾರ್ಕ್‌ನಲ್ಲಿ, ಬೇರಾರ ಮುಂದೆಯೂ ಅಲ್ಲ, ವಿಜ್ಞಾನ ಬರಹಗಾರರ ಸಂಘದ ಸಭೆಯ ಮುಂದೆ, ನಮ್ಮ ಮಕ್ಕಳ ಕಾಲಕ್ಕೆ ವಿದ್ಯುತ್ತು ಮೀಟರ್ ಇಟ್ಟು ಅಳೆಯುವ ಅಗತ್ಯವಿಲ್ಲದಷ್ಟು ಅಗ್ಗವಾಗಬಹುದು ಎಂಬರ್ಥದ ಮಾತು ಆಡಿದರು. ಎಪ್ಪತ್ತು ವರ್ಷ ಕಳೆದರೂ ಪರಮಾಣು ವಿದ್ಯುತ್ತಿನ ಪ್ರತಿ ಚರ್ಚೆಯಲ್ಲಿ ಆ ಮಾತು ಮರಳಿ ಬರುತ್ತದೆ. ಅವರ ಮನಸ್ಸಿನಲ್ಲಿದ್ದದ್ದು ಯಾವ ಬಗೆಯ ಪರಮಾಣು ಶಕ್ತಿ ಎಂಬ ವಾದ ಇಂದಿಗೂ ಮುಗಿದಿಲ್ಲ. "ಯಾವ ಬಗೆಯದು, ಇಂಧನ ಅಗ್ಗವಾದರೂ ಸ್ಥಾವರ ಕಟ್ಟುವ ಖರ್ಚು ಎಷ್ಟು?" ಎಂಬ ಪ್ರಶ್ನೆಗೆ ಅಂದೇ ಉತ್ತರ ಪಡೆದು ಅದನ್ನೂ ಆ ವಾಕ್ಯದ ಜೊತೆಗೇ ಅಚ್ಚು ಮಾಡಿದ್ದರೆ ಈ ಚರ್ಚೆಯ ದಾರಿಯೇ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಗೋಷ್ಠಿ ನಡೆಸಿಕೊಡುವಾಗ ನಿಮ್ಮ ಕೆಲಸವೂ ಇದೇ. ಭಾಷಣಕಾರರ ಪರಿಚಯವನ್ನು ಅರ್ಧ ನಿಮಿಷಕ್ಕೆ ಮುಗಿಸಿ. ಸಂಖ್ಯೆ ಹೇಳಿದವರಿಗೆ ಅದರ ಉಳಿದರ್ಧವನ್ನು ಅಲ್ಲಿಯೇ, ಮರ್ಯಾದೆಯಿಂದ, ಎಲ್ಲರ ಮುಂದೆ ಕೇಳಿ. ಸಾರ್ವಜನಿಕರ ಮುಂದೆ ಮಾತನಾಡುವಾಗ ಒಂದು ಭಾಷಣದಲ್ಲಿ ಮೂರಕ್ಕಿಂತ ಹೆಚ್ಚು ಸಂಖ್ಯೆ ಬೇಡ. ಕಿವಿ ಅಷ್ಟನ್ನೇ ಹಿಡಿಯುತ್ತದೆ. ಹೋಲಿಕೆಗಳನ್ನು ಎಚ್ಚರದಿಂದ ಬಳಸಿ. ವಿದ್ಯುತ್ತನ್ನು ನೀರಿಗೆ ಹೋಲಿಸುವುದು ವೋಲ್ಟೇಜ್ ವಿವರಿಸಲು ಸರಿ, ಆದರೆ ನೀರನ್ನು ತೊಟ್ಟಿಯಲ್ಲಿ ತುಂಬಿಡಬಹುದು, ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣ ಸರಿದೂಗಬೇಕು. ಇದನ್ನು ಹೇಳಲು ನಾನು ಬಂಡಿಯ ಹೋಲಿಕೆ ಬಳಸುತ್ತೇನೆ: ಏರಿನಲ್ಲಿ ಹೇರು ಹೆಚ್ಚಾದರೆ ಬಂಡಿಯ ವೇಗ ತಗ್ಗುವಂತೆ, ಬೇಡಿಕೆ ಹೆಚ್ಚಾದರೆ ಎಲ್ಲ ಜನರೇಟರ್‌ಗಳ ತಿರುಗುವ ಲಯ ಒಟ್ಟಿಗೇ ನಿಧಾನವಾಗುತ್ತದೆ, ಫ್ರೀಕ್ವೆನ್ಸಿ ಎಂದರೆ ಆ ಲಯ. 2021ರಲ್ಲಿ ಟೆಕ್ಸಾಸ್‌ನಲ್ಲಿ 60 ಹರ್ಟ್ಜ್ (ಸೆಕೆಂಡಿಗೆ 60 ಆವರ್ತ) ಇರಬೇಕಾದದ್ದು ಒಂದೇ ಒಂದು ಹರ್ಟ್ಜ್‌ನಷ್ಟೂ ಇಳಿದಿರಲಿಲ್ಲ. ಆದರೂ ಆ ಗ್ರಿಡ್ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡ್ ಮಾತ್ರ ಉಳಿದಿತ್ತು ಎಂದು ನಿರ್ವಾಹಕರೇ ಆಮೇಲೆ ತಿಳಿಸಿದರು. ಇದನ್ನು ಹೇಳಿದಾಗ ಸಭೆಯಲ್ಲಿ ಸದ್ದು ನಿಲ್ಲುತ್ತದೆ.

ಕಟ್ಟುಪಾಡುಗಳ ಬಗ್ಗೆ ಮೊದಲೇ ಮಾತು ಕೊಟ್ಟಿದ್ದೆ. ನಾನು ಯಾರ ಬಗ್ಗೆ ಬರೆಯುತ್ತೇನೋ ಅವರಿಂದ ಭಾಷಣದ ಸಂಭಾವನೆ ತೆಗೆದುಕೊಳ್ಳುವುದಿಲ್ಲ. ಸಮ್ಮೇಳನದ ಸಂಘಟಕರು ಪ್ರಯಾಣದ ಖರ್ಚು ಕೊಟ್ಟಿದ್ದರೆ ಆ ಸಮ್ಮೇಳನದ ವರದಿಯಲ್ಲೇ ಅದನ್ನು ಬರೆಯುತ್ತೇನೆ. ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸುವುದಿಲ್ಲ, ವಿಷಯವನ್ನಷ್ಟೇ ತಿಳಿಸುತ್ತೇನೆ. ವಿದ್ಯುತ್ ಕಂಪನಿಗಳ ಷೇರು ಕೊಳ್ಳುವುದಿಲ್ಲ. ಒಮ್ಮೆ ಒಂದು ಕಂಪನಿ, ನನ್ನ ವರದಿಯೊಂದು ಪ್ರಕಟವಾದ ಮರುವಾರ, ಒಪ್ಪಿಕೊಂಡಿದ್ದ ಗೋಷ್ಠಿಯಿಂದ ನನ್ನ ಹೆಸರು ತೆಗೆಸಿತು. ನೋವಾಯಿತು. ಆದರೆ ಅದೇ ಕಂಪನಿಯ ಕ್ಷೇತ್ರ ಸಿಬ್ಬಂದಿ ಆಮೇಲೆ ನನ್ನೊಂದಿಗೆ ಹೆಚ್ಚು ಬಿಚ್ಚುಮನಸ್ಸಿನಿಂದ ಮಾತನಾಡತೊಡಗಿದರು. ನಿಮಗೂ ಇಂಥದ್ದು ಆಗುತ್ತದೆ. ನೀವು ಈಗಿನ ಕೆಲಸ ಬಿಟ್ಟು ಬಂದರೂ ಕನಿಷ್ಠ ಎರಡು ವರ್ಷ ಹಳೆಯ ಸಂಸ್ಥೆಯ ಬಗ್ಗೆ ಬರೆಯಬೇಡಿ. ಅಲ್ಲಿ ಗುಟ್ಟಾಗಿ ತಿಳಿದದ್ದನ್ನು ಎಂದೂ ಬಳಸಬೇಡಿ.

ಜೀವನೋಪಾಯದ ದೃಷ್ಟಿಯಿಂದ, ದಿನಪತ್ರಿಕೆಗಿಂತ ಮೊದಲು ಉದ್ಯಮದವರೇ ಓದುವ ವೃತ್ತಿಪತ್ರಿಕೆ ಅಥವಾ ಚಂದಾ ಆಧಾರಿತ ಸುದ್ದಿಸೇವೆ ಸೇರುವುದು ಒಳ್ಳೆಯದು. ಸಂಬಳ ತಕ್ಕಮಟ್ಟಿಗೆ ಇರುತ್ತದೆ, ಮುಖ್ಯವಾಗಿ ಓದುಗರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ತಪ್ಪು ಬರೆದರೆ ಬೆಳಿಗ್ಗೆಯೇ ಫೋನ್ ಬರುತ್ತದೆ.

ಕೆಲಸ ಬಿಡುವ ಮುನ್ನ ಒಂದು ಪ್ರಯೋಗ ಮಾಡಿ ನೋಡಿ. 2012ರ ಜುಲೈ 30 ಮತ್ತು 31ರ ಭಾರತದ ಗ್ರಿಡ್ ಕುಸಿತದ ತನಿಖಾ ವರದಿಯನ್ನು ತೆಗೆದುಕೊಳ್ಳಿ. ರಾಜ್ಯಗಳು ಮಿತಿಮೀರಿ ವಿದ್ಯುತ್ ಎಳೆದುಕೊಂಡದ್ದೇ ಕಾರಣ ಎಂಬುದು ಅಂದಿನ ಜನಪ್ರಿಯ ವಿವರಣೆ. ಬೀನಾ-ಗ್ವಾಲಿಯರ್ 400 ಕಿಲೋವೋಲ್ಟ್ ಲೈನಿನಲ್ಲಿ ಯಾವ ದೋಷವೂ ಇಲ್ಲದಿದ್ದರೂ, ಹೆಚ್ಚಿದ ಹೊರೆಯನ್ನೇ ದೋಷವೆಂದು ತಿಳಿದು ರಿಲೇ ಟ್ರಿಪ್ ಕೊಟ್ಟದ್ದು ವರದಿಯಲ್ಲಿದೆ. ಅದು ನಿಮ್ಮದೇ ಕೆಲಸದ ವಿಷಯ. ರಿಲೇಯ ಮೂರನೆಯ ವಲಯದ ರಕ್ಷಣೆ, ಅಂದರೆ ದೂರದ ದೋಷಗಳಿಗೂ ಸ್ಪಂದಿಸುವ ಭಾಗ, ಏಕೆ ಹಾಗೆ ವರ್ತಿಸಿತು ಎಂಬುದನ್ನು 800 ಪದಗಳಲ್ಲಿ, ರಿಲೇ ಎಂದರೇನೆಂದು ತಿಳಿಯದವರಿಗಾಗಿ ಬರೆಯಿರಿ. ಮುಗಿದ ಮೇಲೆ ರಕ್ಷಣಾ ವಿಭಾಗದ ನಿಮ್ಮ ಹಿರಿಯ ಸಹೋದ್ಯೋಗಿಗೊಮ್ಮೆ, ಮನೆಯಲ್ಲಿ ಬಿಲ್ಲು ಕಟ್ಟುವವರಿಗೊಮ್ಮೆ ಓದಲು ಕೊಡಿ. ಮೊದಲನೆಯವರು ಎಲ್ಲಿ ತಪ್ಪಿದೆ ಎನ್ನುತ್ತಾರೋ, ಎರಡನೆಯವರು ಎಲ್ಲಿ ಓದುವುದನ್ನು ನಿಲ್ಲಿಸುತ್ತಾರೋ, ಆ ಎರಡು ಜಾಗಗಳನ್ನು ತಿದ್ದಿ ನನಗೆ ಕಳುಹಿಸಿ. ಓದಿ ಅಭಿಪ್ರಾಯ ಬರೆಯುತ್ತೇನೆ.